ತಾರಾ ಬಿಲ್ಡಿಂಗಿನ ಪಾಳಿ

ನಮ್ಮೂರ ಪೇಟೆಯ ನಟ್ಟನಡುವೆ ಇದ್ದ ತಾರಾ ಬಿಲ್ಡಿಂಗು ಬೀಳದೆ ನಿಂತದ್ದು ಜನರ ಬೆನ್ನಿನ ಮೇಲೆ. ಅದರ ಎದುರುಗೋಡೆಗೆ ಯಾರಾದರೊಬ್ಬರು ಬೆನ್ನು ಹಚ್ಚಿ ಕೂತಿರುವವರೆಗೆ ಅದು ಕಮಕ್ ಕಿಮಕ್ ಅನ್ನುತ್ತಿರಲಿಲ್ಲ. ಬೆನ್ನು ತೆಗೆದರೆ ಸಾಕು, ಒಳಗೆಲ್ಲೋ ಲಟಲಟ ಸದ್ದಾಗಿ ಮೇಲಿಂದ ಗಾರೆ ಉದುರಲು ಶುರುವಾಗುತ್ತಿತ್ತು. ಮರದ ತೊಲೆ ಆನಿಸಿ ನೋಡಿದ್ದರು, ಮೂರೇ ದಿನಕ್ಕೆ ಸೀಳಿ ಹೋದವು. ಕಬ್ಬಿಣದ ಕಂಬ ತಂದರು, ಅವು ಬಾಗಿ ಮುದುರಿದವು. ಮನುಷ್ಯರ ಬೆನ್ನು ಮಾತ್ರ ಅದಕ್ಕೆ ಒಗ್ಗಿತು. ಪೈಲ್ವಾನನ ಬೆನ್ನೇ ಆಗಬೇಕೆಂದಿರಲಿಲ್ಲ, ಕೆಮ್ಮುವ ಮುದುಕಿಯದಾದರೂ ನಡೆಯುತ್ತಿತ್ತು. ಯಾಕೆ ಹಾಗೆ ಎಂದು ನಮ್ಮೂರಲ್ಲಿ ಯಾರೂ ತಲೆ ಕೆಡಿಸಿಕೊಂಡವರಲ್ಲ. ಸಂತೆ ಇರುತ್ತದೆ, ಸಾಲಿ ಇರುತ್ತದೆ, ಒಲೆಯ ಮೇಲೆ ಹಾಲು ಉಕ್ಕುತ್ತಿರುತ್ತದೆ. ಅದರ ನಡುವೆ ಎರಡು ತಾಸು ಬೆನ್ನು ಕೊಟ್ಟು ಬಂದರಾಯಿತು ಎಂದುಕೊಂಡೇ ಇಪ್ಪತ್ತೆರಡು ವರ್ಷ ಕಳೆದಿದ್ದೆವು.

ಕಟ್ಟಡ ಮೂರು ಅಂತಸ್ತಿನದು. ಒಂದು ಕಾಲಕ್ಕೆ ಕೆಳಗೆ ಜವಳಿ ಅಂಗಡಿ, ನಡುವೆ ಫೋಟೋ ಸ್ಟುಡಿಯೋ, ಮೇಲೆ ಟೈಪಿಂಗ್ ಕ್ಲಾಸು ಇದ್ದವು. ಮಾಲೀಕರು ಯಾವ ಊರಿಗೆ ಹೋದರೋ, ಬದುಕಿದ್ದಾರೋ ಇಲ್ಲವೋ, ಯಾರಿಗೂ ಪತ್ತೆಯಿಲ್ಲ. ಬಾಗಿಲಿಗೆ ಬೀಗ ಬಿತ್ತು, ಬೀಗಕ್ಕೆ ತುಕ್ಕು ಬಂತು, ಮೇಲಿನ ಬಿರುಕಿನಲ್ಲಿ ಅರಳಿ ಸಸಿ ಎದ್ದಿತು. ಎಡಬಲಕ್ಕೂ ಹಿಂದಕ್ಕೂ ಅಂಗಡಿಗಳು ಒತ್ತಿಕೊಂಡಿದ್ದವು. ಎದುರಿಗೆ ಹತ್ತು ಹೆಜ್ಜೆ ಅಗಲದ ಓಣಿ, ಓಣಿಯಾಚೆ ನಮ್ಮ ಹಿಟ್ಟಿನ ಗಿರಣಿ, ಗಿರಣಿಗೆ ಹೊಂದಿಕೊಂಡು ನಮ್ಮ ಮನೆ. ಅದು ಬಿದ್ದರೆ ಅರ್ಧ ಪೇಟೆಯನ್ನು ಜೊತೆಗೆ ಕರೆದುಕೊಂಡೇ ಬೀಳುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಮುನಿಸಿಪಾಲಿಟಿಯ ಹಲಗಲಿ ಸಾಹೇಬರು ವರ್ಷಕ್ಕೊಮ್ಮೆ ಬಂದು ‘ಅಪಾಯ! ಯಾರೂ ಹತ್ತಿರ ಸುಳಿಯಬಾರದು’ ಎಂಬ ಕೆಂಪು ನೋಟೀಸನ್ನು ಗೋಡೆಗೆ ಅಂಟಿಸಿ, ಅದರ ಕೆಳಗೇ ಬೆನ್ನು ಹಚ್ಚಿ ಕೂಡ್ರುತ್ತಿದ್ದರು. ಬುಧವಾರ ಹನ್ನೊಂದರಿಂದ ಒಂದರವರೆಗೆ ಅವರ ಪಾಳಿ.

ಪಾಳಿ ಎಂದರೆ ಎರಡು ತಾಸು. ಗೋಡೆಯ ಬುಡದಲ್ಲಿ ಗೋಣಿಚೀಲ ಹಾಸಿರುತ್ತಿತ್ತು. ಅಲ್ಲಿ ಕೂತು ಹೆಂಗಸರು ಅವರೆಕಾಯಿ ಸುಲಿದರು, ಸಾಲಿಯ ಸುಮಿತ್ರಾ ಅಕ್ಕೋರು ಪರೀಕ್ಷೆಯ ಪೇಪರು ತಿದ್ದಿದರು, ಎರಡು ಮೂರು ಮದುವೆಯ ಮಾತುಕತೆಗಳು ಆ ಗೋಡೆಗೆ ಆತುಕೊಂಡೇ ಮುಗಿದವು. ಕರಾರು ಒಂದೇ ಇತ್ತು: ಬರುವವರ ಬೆನ್ನು ಗೋಡೆಗೆ ಹತ್ತುವವರೆಗೆ ಹೋಗುವವರು ಏಳುವ ಹಾಗಿಲ್ಲ. ಒಂದು ಉಸಿರಿನಷ್ಟು ಹೊತ್ತಾದರೂ ಇಬ್ಬರೂ ಜೊತೆಗೆ ಕೂತಿರಬೇಕು. ಹೊಲದ ಬದುವಿಗಾಗಿ ಜಗಳವಾಡಿ ಮಾತು ಬಿಟ್ಟವರೂ ಆ ಒಂದು ಉಸಿರಿಗೆ ಭುಜಕ್ಕೆ ಭುಜ ತಾಗಿಸಲೇಬೇಕಾಗುತ್ತಿತ್ತು. ಅವರ ಮುಖ ನೋಡುವುದೇ ನಮಗೊಂದು ಮೋಜು.

ನಾನು ಫಕೀರವ್ವ. ಊರಿನ ಜೋಳ ಗೋದಿಯೆಲ್ಲ ನನ್ನ ಗಿರಣಿಯಲ್ಲೇ ಬೀಸುವುದರಿಂದ ಪಾಳಿ ಬರೆಯುವ ಉಸಾಬರಿಯೂ ನನ್ನ ತಲೆಗೇ ಬಂತು. ಗಿರಣಿಯ ಒಳಗೋಡೆಗೆ ಕರಿಹಲಗೆ ತೂಗುಹಾಕಿ, ದಿನಕ್ಕೆ ಹನ್ನೆರಡರಂತೆ ವಾರಕ್ಕೆ ಎಂಬತ್ತನಾಲ್ಕು ಖಾನೆ ಎಳೆದಿದ್ದೆ. ಯಾರು ಡಬ್ಬಿ ಇಳಿಸಿದರೂ ನನ್ನ ಮೊದಲ ಪ್ರಶ್ನೆ, “ಯಾವತ್ತ ಬೆನ್ನ ಕೊಡ್ತೀರಿ?” ನನ್ನ ಬಾಯಿಗೆ ಹೆದರದವರು ಈ ಊರಲ್ಲಿ ಕಡಿಮೆ. ಆದರೂ ವರ್ಷ ಕಳೆದಂತೆ ಜನ ನುಣುಚಿಕೊಳ್ಳುವುದು ಕಲಿತರು. ಒಬ್ಬರಿಗೆ ಸೊಂಟ ಹಿಡಿದಿದೆ, ಒಬ್ಬರ ಮನೆಗೆ ಬೀಗರು ಬಂದಿದ್ದಾರೆ, ಒಬ್ಬರಿಗೆ ಬೆನ್ನಿನ ಮೇಲೆ ಗುಳ್ಳೆ. ಖಾನೆ ಖಾಲಿ ಉಳಿಯುತ್ತಿತ್ತು. ಖಾಲಿ ಖಾನೆಯಲ್ಲಿ ನಾನು ಸೀಮೆಸುಣ್ಣದಿಂದ ‘ಚಂಪಾ’ ಎಂದು ಬರೆಯುತ್ತಿದ್ದೆ.

ಚಂಪಾ ನನ್ನ ತಂಗಿ. ನನಗಿಂತ ಒಂಬತ್ತು ವರ್ಷಕ್ಕೆ ಸಣ್ಣವಳು. ಅವಳಿಗೆ ಹದಿನಾರು ತುಂಬಿದ ವರ್ಷ ಒಂದು ಮಧ್ಯಾಹ್ನ ಪಾಳಿ ಮುಗಿಯುವ ಹೊತ್ತಿಗೆ, ಮುಂದಿನ ಪಾಳಿಯವರು ಓಣಿಯ ತಿರುವಿನಲ್ಲಿ ಬರುತ್ತಿರುವುದು ಕಂಡಿತು. ಅವತ್ತು ಅವಳಿಗೆ ಭಾಳ ಹಸಿವೆ. ಬಂದೇ ಬಂದರಲ್ಲ ಎಂದು ಎದ್ದುಬಿಟ್ಟಳು. ಹತ್ತು ಹೆಜ್ಜೆಯ ಅಂತರ ಅಷ್ಟೆ. ಮೇಲಿನ ಅಂತಸ್ತಿನ ಬಾಲ್ಕನಿಯ ಕಬ್ಬಿಣದ ಕಟಾಂಜನ ಕಿತ್ತುಕೊಂಡು ಕೆಳಗೆ ಬಿತ್ತು. ಅವಳಿಗೆಂದೇ ರೊಟ್ಟಿಯ ಗಂಟು ಹಿಡಿದು ಓಣಿ ದಾಟುತ್ತಿದ್ದ ಅಪ್ಪನ ಬಲಗಾಲು ಅದರಡಿ ಸಿಕ್ಕಿತು. ಅಪ್ಪ ಬದುಕಿದ, ಇನ್ನೂ ಹನ್ನೊಂದು ವರ್ಷ ಕುಂಟುತ್ತ ನಗುನಗುತ್ತಲೇ ಇದ್ದ, ಒಂದು ದಿನವೂ ಅವಳನ್ನು ಅನ್ನಲಿಲ್ಲ. ಅವನ ಪಾಳಿಯನ್ನು ಚಂಪಾ ತಾನೇ ತಗೊಂಡಳು. ಆಮೇಲೆ ಸೊಂಟ ಹಿಡಿದವರದ್ದು, ಬೀಗರು ಬಂದವರದ್ದು, ಗುಳ್ಳೆ ಎದ್ದವರದ್ದು. ಹೆಣ್ಣು ನೋಡಲು ಬಂದವರಿಗೆ ಅವಳು ಗೋಡೆಗೆ ಒರಗಿಕೊಂಡೇ ನಮಸ್ಕಾರ ಹೇಳಿದಳು. ಅವರು ಚಹಾ ಕುಡಿದು ಎದ್ದು ಹೋದರು.

ನಾನು ತಡೆಯಲಿಲ್ಲ. ಇದನ್ನು ಬರೆಯುವಾಗ ಕೈ ಹಿಂಜರಿಯುತ್ತದೆ, ಆದರೂ ಬರೆಯಬೇಕು. ಖಾಲಿ ಖಾನೆ ಕಂಡರೆ ಮನೆಮನೆ ತಿರುಗಿ ಜಗಳ ಕಾಯುವುದಕ್ಕಿಂತ ಎರಡಕ್ಷರ ಬರೆಯುವುದು ಸುಲಭವಾಗಿತ್ತು. ಬೆಳಗಿನ ಐದರ ಪಾಳಿ ಯಾರಿಗೂ ಬೇಡ, ಅದು ಏಳೂ ದಿನ ಅವಳದ್ದೇ. ಅವಳೂ ಒಮ್ಮೆಯೂ ಒಲ್ಲೆ ಅನ್ನಲಿಲ್ಲ. ಮೂವತ್ತೈದಕ್ಕೇ ಅವಳ ಬೆನ್ನು ಗೋಡೆಯ ಉಬ್ಬಿನ ಹಾಗೇ ಬಾಗಿತ್ತು, ನಡೆಯುವಾಗ ನೆಲ ನೋಡುತ್ತ ನಡೆಯುತ್ತಿದ್ದಳು. ನಾನದನ್ನು ದಿನಾ ನೋಡುತ್ತಿದ್ದೆ.

ಆ ವರ್ಷ ಯುಗಾದಿ ಕಳೆದ ಎಂಟು ದಿನಕ್ಕೆ ಅವಳು ಪಾಳಿ ಮುಗಿದರೂ ಏಳಲಿಲ್ಲ. ಚಹಾದಂಗಡಿಯ ಗೌಸಣ್ಣ ಅವಳ ಮಗ್ಗುಲಲ್ಲಿ ಬೆನ್ನು ಹಚ್ಚಿ, “ಏಳಬೇ ಚಂಪಾ, ನಾ ಬಂದೇನಿ” ಅಂದ. ಅವಳು ಏಳಲು ನೋಡಿದಳು, ಆಗಲಿಲ್ಲ. “ಯಣ್ಣಾ, ಬೆನ್ನ ನನ್ನ ಮಾತ ಕೇಳವಲ್ದು” ಎಂದು ನಗಲು ಹೋಗಿ ಅತ್ತಳು. ನಾಲ್ಕು ಜನ ಎತ್ತಿ ತಂದು ಗಿರಣಿಯಲ್ಲಿ ಚೀಲದ ಮೇಲೆ ಮಲಗಿಸಿದೆವು, ಮಗ್ಗುಲಾಗಿ, ಯಾಕೆಂದರೆ ಅಂಗಾತ ಮಲಗಲು ಅವಳಿಗೆ ಬರುತ್ತಿರಲಿಲ್ಲ. ಡಾಕ್ಟರು ಬಂದು ಒತ್ತಿ ನೋಡಿ ನನ್ನನ್ನು ಹೊರಗೆ ಕರೆದರು. “ಇನ್ನೊಂದು ಮಳೆಗಾಲ ಅಕಿ ಆ ಗೋಡಿಗೆ ಕುಂತ್ಲಂದ್ರ ಮತ್ತ ಕಾಲ ಮ್ಯಾಲ ನಿಂದ್ರೂದಿಲ್ಲ. ನೆನಪಿಡು ಫಕೀರವ್ವಾ” ಎಂದರು.

ಅದೇ ದಿನ ಭರಮಣ್ಣ ಕಾಕಾ ಊರಿಗೆ ಬಂದಿದ್ದ. ವರ್ಷಕ್ಕೊಮ್ಮೆ ಬಂದು ನನ್ನ ಗಿರಣಿಯ ಸವೆದ ಕಲ್ಲನ್ನು ಉಳಿಯಿಂದ ಕಡಿದು ಒರಟು ಮಾಡಿಕೊಡುವ ಕಲ್ಲುಕುಟಿಗ. ಮೇಲುಗಲ್ಲನ್ನು ಎತ್ತಿ ಗೋಡೆಗೆ ಒರಗಿಸಿ ನಿಲ್ಲಿಸಿಕೊಂಡು ಕೆಲಸ ಶುರು ಮಾಡುವವನು, ಅವತ್ತು ಉಳಿ ಕೆಳಗಿಟ್ಟು ಕರಿಹಲಗೆ ನೋಡುತ್ತ ನಿಂತ. ಅವನಿಗೆ ಓದು ಬರುವುದಿಲ್ಲ. “ಅಲ್ಲಬೇ, ಇಷ್ಟ ಖಾನ್ಯಾಗ ಒಂದ ಥರಾ ಬರದೀಯಲ್ಲ, ಅದ್ಯಾರ ಹೆಸರ?” ಅಂದ. ಚಂಪಾನದ್ದು ಎಂದೆ. ಅವನು ಬೆರಳಿಟ್ಟು ಎಣಿಸಿದ. ಎಂಬತ್ತನಾಲ್ಕರಲ್ಲಿ ಮೂವತ್ತೊಂದು. “ಮತ್ತ ನಿನ್ನ ಹೆಸರ ಯಾವುದು?”

ಗಿರಣಿ ನಿಂತಿತ್ತು, ಹಾಗಾಗಿ ಆ ಪ್ರಶ್ನೆ ಒಳಗಿನ ಮೂಲೆಮೂಲೆಗೂ ಕೇಳಿಸಿತು. ಇಪ್ಪತ್ತೆರಡು ವರ್ಷದಲ್ಲಿ ಒಂದು ಸಲವೂ ನಾನು ಆ ಗೋಡೆಗೆ ಬೆನ್ನು ಹಚ್ಚಿರಲಿಲ್ಲ. ಗಿರಣಿ ಯಾರು ನೋಡುತ್ತಾರೆ, ಪಾಳಿ ಯಾರು ಬರೆಯುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಹೇಳಿಕೊಂಡದ್ದು ಎಷ್ಟು ಹಳೆಯದಾಗಿತ್ತೆಂದರೆ ಅದು ನೆಪ ಎಂಬುದೇ ಮರೆತಿತ್ತು. ನನಗೆ ನಾಚಿಕೆಯಾಯಿತು. ಚೀಲದ ಮೇಲಿದ್ದ ಚಂಪಾ ಕಣ್ಣು ಮುಚ್ಚಿಕೊಂಡಿದ್ದಳು, ನಿದ್ದೆ ಹತ್ತಿತ್ತೋ ಇಲ್ಲವೋ ನನಗಿಂದಿಗೂ ಗೊತ್ತಿಲ್ಲ.

ಭರಮಣ್ಣ ಕಾಕಾ ಕೆಲಸಕ್ಕೆ ಕೂತ. ಸಂಜೆ ಕಲ್ಲು ಮುಗಿಸಿ ಅದನ್ನು ಕೆಳಗಿಳಿಸಲು ನನ್ನನ್ನೂ ಗೌಸಣ್ಣನನ್ನೂ ಕರೆದ. ಎಷ್ಟೋ ವರ್ಷ ನೋಡಿದ ಕೆಲಸವೇ ಅದು, ಆದರೆ ಅವತ್ತು ಕಣ್ಣು ಬಿಟ್ಟು ನೋಡಿದೆ. ಕಲ್ಲಿಗೆ ಬೆನ್ನು ಕೊಟ್ಟು ಮೂವರೂ ನಿಂತೆವು. “ಕೈ ಹಚ್ಚಬ್ಯಾಡ್ರಿ. ಬೆನ್ನ ತಗೀಬ್ಯಾಡ್ರಿ. ಕಲ್ಲಿನ ಸಂಗಾಟ ನೀವೂ ಕುಂದರ್ರಿ, ಒಂದ ಸಮ” ಎಂದ. ಮಂಡಿ ಮಡಿಸುತ್ತ ಮಡಿಸುತ್ತ ಕೂತೆವು. ಎಂಟು ಮಣದ ಕಲ್ಲು ನಮ್ಮ ಬೆನ್ನ ಮೇಲೆಯೇ ಜಾರುತ್ತ ಸದ್ದಿಲ್ಲದೆ ನೆಲ ಮುಟ್ಟಿತು. ನಾನು ಓಣಿಯಾಚೆ ನೋಡಿದೆ, ಭರಮಣ್ಣ ಕಾಕಾನೂ ಅತ್ತಲೇ ನೋಡುತ್ತಿದ್ದ. “ಹಿಡದ ನಿಂದರಾಕ ಒಬ್ಬರ ಬೆನ್ನ ಸಾಕು,” ಎಂದ ಮೆಲ್ಲಗೆ. “ಇಳಸಾಕ ಮಾತ್ರ ಗ್ವಾಡಿ ತುಂಬ ಬೇಕು.”

ಮರುದಿನ ಬೆಳಿಗ್ಗೆ ಗಿರಣಿ ಚಾಲೂ ಮಾಡಲಿಲ್ಲ. ಡಬ್ಬಿಗಳ ಸಾಲು ಓಣಿಯವರೆಗೆ ಬೆಳೆಯಿತು, ಜನ ಗೊಣಗತೊಡಗಿದರು. ಕರಿಹಲಗೆಯನ್ನು ಒರೆಸಿ, ಎದುರುಗೋಡೆಯುದ್ದಕ್ಕೂ ಹಿಡಿಯುವಷ್ಟು ಜನಕ್ಕೆ ಮೂವತ್ತೆರಡು ಗೆರೆ ಎಳೆದು ಬಾಗಿಲಿಗೆ ತಂದಿಟ್ಟೆ. “ತಾರಾ ಬಿಲ್ಡಿಂಗ ಇಳಸೂದೈತಿ. ಮೂವತ್ತೆರಡು ಬೆನ್ನು ಬೇಕು, ದಿನಾ ಮುಂಜಾನೆ ಒಂದ ತಾಸು. ಹೆಸರ ತುಂಬೂತನಾ ಈ ಊರಿಗೆ ಹಿಟ್ಟಿಲ್ಲ” ಎಂದೆ. ಗದ್ದಲವೆದ್ದಿತು. ಹಲಗಲಿ ಸಾಹೇಬರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. “ಫಕೀರವ್ವಾ, ಇದಕ್ಕ ಮ್ಯಾಲಿನವರ ಪರವಾನಿಗಿ ಬೇಕಾಗತೈತಿ” ಎಂದರು. “ಸಾಹೇಬ್ರ, ಇಪ್ಪತ್ತೆರಡು ವರ್ಷ ನೀವು ಅದಕ್ಕ ಬೆನ್ನ ಹಚ್ಚಾಕ ಯಾರ ಪರವಾನಿಗಿ ತಗೊಂಡಿದ್ರಿ?” ಎಂದೆ. ಅವರು ಯೋಚಿಸಿ, “ಅದೂ ಖರೆ” ಎಂದರು.

“ಇಳಸುಮುಂದ ಏನರ ಆತಂದ್ರ?” ಎಂದು ಹಿಂದಿನಿಂದ ಸುಮಿತ್ರಾ ಅಕ್ಕೋರು ಕೇಳಿದರು. ಭಯ ಎಲ್ಲರಿಗೂ ಇತ್ತು, ನನಗೂ ಇತ್ತು. ಅಪ್ಪನ ಕಾಲು ಕಣ್ಣ ಮುಂದೆ ಬಂತು. ಸೀಮೆಸುಣ್ಣ ತಗೊಂಡು ಮೊದಲ ಗೆರೆಯ ಮೇಲೆ ‘ಫಕೀರವ್ವ’ ಎಂದು ಬರೆದೆ. ಆ ಹಲಗೆಯ ಮೇಲೆ ಆ ಹೆಸರನ್ನು ಅವರ್‍ಯಾರೂ ಕಂಡವರಲ್ಲ. ಗೌಸಣ್ಣ ಮುಂದೆ ಬಂದು, “ನನ್ನದೂ ಬರಿ ಯಕ್ಕಾ” ಎಂದ. ಮಧ್ಯಾಹ್ನದ ಹೊತ್ತಿಗೆ ಮೂವತ್ತೊಂದು ಹೆಸರಾದವು. ಕೊನೆಯ ಗೆರೆಗೆ ಚಂಪಾ ಗೋಡೆ ಹಿಡಿದುಕೊಂಡು ಒಳಗಿಂದ ಬಂದು ಕೈ ಚಾಚಿದಳು. “ನಂದು ಬರಿಯಾಕ ನಿನಗ ರೂಢಿ ಐತಲ್ಲ” ಎಂದಳು. ಅಣಕವಿರಲಿಲ್ಲ ಅದರಲ್ಲಿ, ಅದಕ್ಕೇ ಹೆಚ್ಚು ನಾಟಿತು.

ಭರಮಣ್ಣ ಕಾಕಾ ಅಡ್ಡ ಬಂದ. ಬಾಗಿದ ಬೆನ್ನಿನ ಮೇಲೆ ಗೋಡೆ ನೆಟ್ಟಗೆ ಜಾರುವುದಿಲ್ಲ, ಓರೆಯಾಗುತ್ತದೆ, ಆಮೇಲೆ ಯಾರ ಕೈಗೂ ಸಿಗುವುದಿಲ್ಲ ಎಂದು ತಿಳಿಸಿ ಹೇಳಿದ. ಚಂಪಾ ಬೆಚ್ಚಿದಳು. ಅವಳಿಗೆ ಗೊತ್ತಿದ್ದ ಕೆಲಸ ಅದೊಂದೇ, ಅದನ್ನೂ ಕಸಿದುಕೊಂಡಂತಾಯಿತು. “ಮತ್ತ ನಾ ಏನ ಮಾಡ್ಲಿ ಕಾಕಾ?” ಎಂದಳು ಸಣ್ಣ ದನಿಯಲ್ಲಿ. ಸುಮಿತ್ರಾ ಅಕ್ಕೋರೇ ಮೂವತ್ತೆರಡನೆಯವರಾದರು.

ಮೊದಲ ದಿನ ಬೆಳಿಗ್ಗೆ ಏಳಕ್ಕೆ ಮೂವತ್ತೆರಡು ಜನ ಗೋಡೆಗೆ ಬೆನ್ನು ಹಚ್ಚಿ ನಿಂತೆವು. ಆ ಗೋಡೆ ನನ್ನ ಬೆನ್ನಿಗೆ ತಾಗಿದ್ದು ಅದೇ ಮೊದಲು. ತಣ್ಣಗಿರುತ್ತದೆ ಎಂದುಕೊಂಡಿದ್ದೆ, ಬೆಚ್ಚಗಿತ್ತು. ಭರಮಣ್ಣ ಕಾಕಾ ಓಣಿಯಲ್ಲಿ ನಿಂತು “ಹೂಂ, ಕುಂದರ್ರಿ” ಎಂದ. ಕೂಡ್ರತೊಡಗಿದೆವು. ಒಂದು ಗೇಣು ಇಳಿದಿರಬೇಕು, ಮೇಲೆ ಎಲ್ಲೋ ಲಟ್ ಎಂದಿತು. ಗಾರೆ ಸುರಿಯಿತು, ಗೋಡೆ ಬಲಕ್ಕೆ ವಾಲಿತು, ಯಾರೋ ಚೀರಿದರು. “ನಿಂದರ್ರಿ! ಇದ್ದಲ್ಲೇ ನಿಂದರ್ರಿ!” ಎಂದು ಭರಮಣ್ಣ ಕಾಕಾ ಕೂಗಿದ. ಅರ್ಧ ಮಡಿಸಿದ ಮಂಡಿಯ ಮೇಲೆ ಮೂವತ್ತೆರಡೂ ಜನ ನಡುಗುತ್ತ ನಿಂತೆವು. ಏನು ತಪ್ಪಿತು ಎಂದು ಅವನಿಗೂ ತಿಳಿಯಲಿಲ್ಲ.

ತಿಳಿದದ್ದು ಚಂಪಾನಿಗೆ. ಅವಳು ಗಿರಣಿಯ ಮೆಟ್ಟಿಲ ಮೇಲೆ ಕೂತಿದ್ದಳು. “ಗೌಸಣ್ಣಾ, ನೀ ಎಡ ಭುಜಾ ಕೊಟ್ಟಿ, ಬೆನ್ನ ಕೊಡ. ಯಾವಾಗಲೂ ಹಿಂಗ ಮಾಡ್ತೀ. ಅಕ್ಕೋರ, ನಿಮ್ಮ ಸೊಂಟ ಗ್ವಾಡಿ ಬಿಟ್ಟೈತಿ ನೋಡ್ರಿ. ಸಾಹೇಬ್ರ, ನಿದ್ದಿ ಮಾಡಬ್ಯಾಡ್ರಿ!” ಎಂದು ಕೂಗಿದಳು. ಇಪ್ಪತ್ತೆರಡು ವರ್ಷ ಒಬ್ಬೊಬ್ಬರೂ ತಮಗೆ ಹಿತವಾದ ಹಾಗೆ ಒರಗಿ ರೂಢಿಯಾಗಿತ್ತು, ಕೂಡಿ ಒರಗಿದಾಗಲೂ ಎಲ್ಲರೂ ತಮ್ಮ ತಮ್ಮ ಹಾಗೆಯೇ ಒರಗಿದ್ದೆವು. ಯಾರು ಹೇಗೆ ಒರಗುತ್ತಾರೆಂದು ತಿಳಿದವಳು ಅವಳೊಬ್ಬಳೇ. ಎಲ್ಲರ ಮಗ್ಗುಲಲ್ಲೂ ಒಂದೊಂದು ಉಸಿರಿನಷ್ಟು ಹೊತ್ತು ಕೂತವಳಲ್ಲವೇ. ಹೆಸರು ಹಿಡಿದು ಹಿಡಿದು ತಿದ್ದಿದಳು. ಗೋಡೆ ನೆಟ್ಟಗಾಯಿತು. “ಈಗ ಕುಂದರ್ರಿ,” ಎಂದಳು, “ನಾ ಉಸರ ಬಿಟ್ಟಂಗ. ಹೂಂ... ಹೂಂ...” ಅವಳ ಒಂದೊಂದು ಹೂಂಗೂ ಒಂದೊಂದು ಬೆರಳು ಇಳಿದೆವು. ಕುಂಡಿ ನೆಲಕ್ಕೆ ಹತ್ತಿದಾಗ ಕಟ್ಟಡ ಎರಡು ಮೊಳ ನೆಲದೊಳಕ್ಕೆ ಇಳಿದು ಸುಮ್ಮನೆ ಕೂತಿತ್ತು, ಒಂದು ಇಟ್ಟಿಗೆ ಅಲುಗಿರಲಿಲ್ಲ.

ಹಲಗಲಿ ಸಾಹೇಬರು ನಿಟ್ಟುಸಿರು ಬಿಟ್ಟು, “ನಾ ನಿದ್ದಿ ಮಾಡಿರಲಿಲ್ಲ, ಕಣ್ಣ ಮುಚ್ಚಿದ್ದೆ ಅಷ್ಟ” ಎಂದರು. ಓಣಿ ತುಂಬ ನಗೆ ಎದ್ದಿತು. ನಾನು ಮಾತ್ರ ಚಂಪಾನನ್ನು ನೋಡುತ್ತಿದ್ದೆ. ಅವಳು ಕತ್ತನ್ನು ಕಷ್ಟಪಟ್ಟು ಮೇಲೆತ್ತಿ ಕಟ್ಟಡ ನೋಡುತ್ತಿದ್ದಳು. ಹತ್ತೊಂಬತ್ತು ವರ್ಷ ಅದಕ್ಕೆ ಬೆನ್ನು ಹಚ್ಚಿದವಳು ಅದರ ಮುಖವನ್ನು ಹೀಗೆ ಕೂತು ನೋಡಿಯೇ ಇರಲಿಲ್ಲ. “ಯಕ್ಕಾ,” ಎಂದಳು, “ಇಷ್ಟ ಸಣ್ಣದೈತೇನ ಇದು?”

ದಿನಕ್ಕೊಂದು ಸಲ ಇಳಿಸಿದೆವು. ಒಬ್ಬೊಬ್ಬರಾಗಿ ಎದ್ದು ಮತ್ತೆ ಬೆನ್ನು ಹಚ್ಚಿ ನಿಲ್ಲುವುದು, ಚಂಪಾನ ಹೂಂಗೆ ಕೂಡ್ರುವುದು. ಉಳಿದ ಹೊತ್ತಿಗೆ ಎಂದಿನಂತೆ ಪಾಳಿ ನಡೆಯಿತು, ಚಂಪಾನ ಖಾನೆಗಳನ್ನೆಲ್ಲ ನಾನು ನನ್ನ ಹೆಸರಿನಿಂದ ತುಂಬಿದೆ. ನನಗೂ ಬೆನ್ನು ನೋವು ಬಂತು. ಬರಲಿ ಎಂದುಕೊಂಡೆ. ಕೆಳಗಿನ ಜವಳಿ ಅಂಗಡಿ ಮೊದಲ ವಾರದಲ್ಲೇ ಪೂರ್ತಿ ನೆಲಕ್ಕಿಳಿಯಿತು. ಸ್ಟುಡಿಯೋದ ಕಿಟಕಿ ರಸ್ತೆಯ ಮಟ್ಟಕ್ಕೆ ಬಂದ ದಿನ ಜನ ಬಗ್ಗಿ ಬಗ್ಗಿ ಒಳಗೆ ನೋಡಿದರು. ಗೋಡೆಯ ಮೇಲೆ ಬಣ್ಣದಲ್ಲಿ ಬರೆದ ಕೊಳ, ಎರಡು ಬಾತುಕೋಳಿ ಇನ್ನೂ ಇದ್ದವು. ಆ ಕೊಳದ ಮುಂದೆ ನಿಂತು ಫೋಟೋ ತೆಗೆಸಿಕೊಂಡ ಅರ್ಧ ಊರು ಆ ಬೆಳಿಗ್ಗೆ ಅಲ್ಲೇ ನಿಂತು ಹಳೆಯ ಮಾತಾಡಿತು.

ಹತ್ತನೇ ದಿನ ಬಾಲ್ಕನಿ ಎದೆಮಟ್ಟಕ್ಕೆ ಬಂತು. ಅದೇ ಬಾಲ್ಕನಿ. ಚಂಪಾ ಹೂಂ ಅನ್ನುವುದನ್ನು ಮುಗಿಸಿ ಮೆಟ್ಟಿಲಿಳಿದು ಬಂದಳು. ಎಲ್ಲರಿಗೂ ಆ ಮಧ್ಯಾಹ್ನ ನೆನಪಿತ್ತು. ಕಟಾಂಜನ ಕಿತ್ತುಬಿದ್ದ ಜಾಗದಲ್ಲಿ ಕಲ್ಲಿನ ಅಂಚಿಗೆ ಐದು ತೂತು ಉಳಿದಿದ್ದವು. ಅವಳು ಒಂದರೊಳಗೆ ಬೆರಳು ಹಾಕಿದಳು. ಬೆರಳಿನ ಜೊತೆ ಪುಡಿಮಣ್ಣು ಬಂತು. ಇನ್ನೊಂದಕ್ಕೆ ಹಾಕಿದಳು, ಅಲ್ಲೂ ಮಣ್ಣು. “ಕಾಕಾ, ಇದೇನಿದು?” ಎಂದು ಭರಮಣ್ಣನನ್ನು ಕರೆದಳು.

ಭರಮಣ್ಣ ಕಾಕಾ ಬಗ್ಗಿ ಐದೂ ತೂತು ಕೆದಕಿ ನೋಡಿದ. ಅವನ ಮುಖ ಗಂಟಿಕ್ಕಿತು, ಇನ್ನೊಬ್ಬನ ಕೆಟ್ಟ ಕೆಲಸ ಕಂಡ ಕೆಲಸಗಾರನ ಸಿಟ್ಟು ಅದು. “ಕಲ್ಲಿನ್ಯಾಗ ಕಬ್ಬಿಣ ಕೂಡಸಬೇಕಂದ್ರ ಸೀಸಾ ಕಾಸಿ ಹೊಯ್ಯಬೇಕವ್ವಾ. ಆವಾಗ ಅದು ಕಲ್ಲಿನ ಸಂಗಾಟ ಒಂದಾಗಿ ನೂರ ವರ್ಷ ಹಿಡಕೊಂಡ ಇರತೈತಿ. ಇಲ್ಲಿ ಯಾವನೋ ಹಸೀಮಣ್ಣ ತುರುಕಿ ಮ್ಯಾಲ ಸುಣ್ಣಾ ಬಳದ ಹೋಗ್ಯಾನ. ಇದು ಯಾರ ಕುಂತರೂ ಬೀಳೂದ, ಯಾರ ಎದ್ದರೂ ಬೀಳೂದ. ಆ ದಿನ ಅಲ್ಲಂದ್ರ ಮರುದಿನ.” ಚಂಪಾ ತನ್ನ ಬೆರಳಿನ ಮಣ್ಣನ್ನು ನೋಡುತ್ತ ನಿಂತಳು. “ಖರೇನ ಕಾಕಾ?” ಎಂದಳು. “ನಲವತ್ತು ವರ್ಷ ಕಲ್ಲ ಕಡದೇನಿ. ನಿನ್ನ ಸಮಾಧಾನಕ್ಕಂತ ಕಲ್ಲಿನ ಮ್ಯಾಲ ಸುಳ್ಳ ಹೇಳೂದಿಲ್ಲ” ಎಂದ.

ಅವಳು ಅಲ್ಲೇ ಆ ಬಾಲ್ಕನಿಯ ಅಂಚಿನ ಮೇಲೆ ತಲೆಯಿಟ್ಟು ಅತ್ತಳು. ನಾನು ಹೋಗಿ ಅವಳ ಬೆನ್ನ ಮೇಲೆ ಕೈ ಇಟ್ಟೆ. ಎಷ್ಟು ವರ್ಷವಾಗಿತ್ತೋ ಆ ಬೆನ್ನು ಮುಟ್ಟಿ. ಮೂಳೆಯೊಂದೊಂದೂ ಕೈಗೆ ಸಿಕ್ಕಿತು. “ತಪ್ಪಾತ ತಂಗಿ,” ಎಂದೆ, “ಹಲಗಿ ಮ್ಯಾಲ ನಿನ್ನ ಹೆಸರ ಬರದದ್ದು ನನ್ನ ಕೈ.” ಅವಳು ಮುಖ ಎತ್ತದೆ, “ನಿನ್ನ ಅಕ್ಷರಾ ಭಾಳ ಛಲೋ ಅದಾವು” ಎಂದಳು. ಅಳುತ್ತಲೇ ಇಬ್ಬರೂ ನಕ್ಕೆವು. ಹಿಂದೆ ಹಲಗಲಿ ಸಾಹೇಬರು ಕನ್ನಡಕ ಒರೆಸಿಕೊಳ್ಳುತ್ತಿದ್ದರು.

ಇಪ್ಪತ್ತನೇ ದಿನ ಅರಳಿ ಸಸಿಯ ಎಲೆಗಳು ನಮ್ಮ ತಲೆಗೆ ತಾಗಿದವು. ಅದನ್ನು ಬೇರು ಸಮೇತ ಬಿಡಿಸಿ ಸುಮಿತ್ರಾ ಅಕ್ಕೋರು ಸಾಲಿಯ ಅಂಗಳಕ್ಕೆ ಒಯ್ದರು. ಇಪ್ಪತ್ತೊಂದನೇ ದಿನ ಕೊನೆಯದು. ನಿಂತರೆ ಗೋಡೆ ಭುಜದವರೆಗೆ ಮಾತ್ರ ಇತ್ತು. ಚಂಪಾ ಅವತ್ತು ಮೆಟ್ಟಿಲ ಮೇಲೆ ಕೂಡ್ರದೆ ಓಣಿಯ ನಡುವೆ ಬಂದು ನಿಂತಳು. ಡಾಕ್ಟರು ಕೊಟ್ಟ ಪಟ್ಟಿ ಸೊಂಟಕ್ಕಿತ್ತು, ಕಣ್ಣು ನೆಲದ ಮೇಲಿರಲಿಲ್ಲ. “ಹೂಂ,” ಎಂದಳು. ಇಳಿದೆವು. “ಹೂಂ.” ಇಳಿದೆವು. ಕೂತಾಗ ತಾರಾ ಬಿಲ್ಡಿಂಗು ಕೂತವರ ಬೆನ್ನಿನ ಎತ್ತರದ ಒಂದು ಕಟ್ಟೆಯಾಗಿತ್ತು. “ಆತು. ಏಳ್ರಿ ಎಲ್ಲಾರೂ” ಎಂದಳು ಚಂಪಾ.

ಯಾರೂ ಏಳಲಿಲ್ಲ. ಇಪ್ಪತ್ತೆರಡು ವರ್ಷದ ಕರಾರು, ಇನ್ನೊಬ್ಬರ ಬೆನ್ನು ಹತ್ತುವವರೆಗೆ ಏಳಬಾರದು. ಮೂವತ್ತೆರಡು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೂತೆವು. ಬರುವವರು ಯಾರೂ ಇರಲಿಲ್ಲ. ಗೌಸಣ್ಣನ ಅಂಗಡಿಯಲ್ಲಿ ಹಾಲು ಉಕ್ಕಿ ಸುಟ್ಟ ವಾಸನೆ ಬಂತು, ಅವನೂ ಏಳಲಿಲ್ಲ. ಮೊದಲು ಏಳಬೇಕಾದವಳು ನಾನೇ ಎಂದು ನನಗೆ ಗೊತ್ತಿತ್ತು, ಆದರೂ ಕೂತೇ ಇದ್ದೆ. ಚಂಪಾ ಬಂದು ಎರಡೂ ಕೈ ಚಾಚಿದಳು. ಅವಳ ಕೈ ಹಿಡಿದು ಎದ್ದೆ. ಹಿಂದೆ ಕಿವಿಗೊಟ್ಟೆ. ಏನೂ ಸದ್ದಾಗಲಿಲ್ಲ. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಎದ್ದರು. ಹಲಗಲಿ ಸಾಹೇಬರು ಕೊನೆಗೆ ಎದ್ದು, ಹಳೆಯದು ನೆಲದೊಳಗೆ ಹೋಯಿತೆಂದು ತಾವೇ ಮತ್ತೆ ಅಂಚಿಗೆ ಅಂಟಿಸಿದ್ದ ಕೆಂಪು ನೋಟೀಸನ್ನು ಉಗುರಿನಿಂದ ಕಿತ್ತು ಜೇಬಿನಲ್ಲಿಟ್ಟುಕೊಂಡರು.

ಮರುದಿನ ನನಗೆ ರೂಢಿಯಂತೆ ಐದಕ್ಕೇ ಎಚ್ಚರವಾಯಿತು. ಮಗ್ಗುಲ ಹಾಸಿಗೆ ಹಳೆಯ ದಿನಗಳಂತೆ ಖಾಲಿಯಿರುತ್ತದೆ ಎಂದುಕೊಂಡು ತಿರುಗಿದೆ. ಚಂಪಾ ಮಲಗಿದ್ದಳು. ಸದ್ದು ಮಾಡದೆ ಎದ್ದು ಒಲೆ ಹಚ್ಚಿದೆ, ಅಂಗಳ ಗುಡಿಸಿದೆ, ನೀರು ಕಾಸಿದೆ. ಏಳರ ಸುಮಾರಿಗೆ ಒಳಗೆ ಬಂದವಳು ಬಾಗಿಲಲ್ಲೇ ನಿಂತೆ. ಕೋಣೆಯಲ್ಲಿ ಬಿಸಿಲು ಬಿದ್ದಿತ್ತು. ನಾನು ಹುಟ್ಟಿದಾಗಿನಿಂದ ಮಧ್ಯಾಹ್ನದವರೆಗೆ ಕತ್ತಲೆಯಾಗಿರುತ್ತಿದ್ದ ಕೋಣೆ ಅದು, ಬೆಳಗಿನ ಬಿಸಿಲನ್ನೆಲ್ಲ ಆ ಕಟ್ಟಡವೇ ಹಿಡಿದಿಟ್ಟುಕೊಂಡಿತ್ತು. ಈಗದು ಕಿಟಕಿಯಿಂದ ನೇರ ಬಂದು ಚಂಪಾನ ಮುಖದ ಮೇಲೆ ಬಿದ್ದಿತ್ತು. ಅವಳು ಎರಡು ದಿಂಬು ಆನಿಸಿಕೊಂಡು ಅಂಗಾತ ಮಲಗಿದ್ದಳು, ಬಾಯಿ ಅರ್ಧ ತೆರೆದು, ಸಣ್ಣಗೆ ಗೊರಕೆ ಹೊಡೆಯುತ್ತ.

ಹೊರಗೆ ಜನ ಡಬ್ಬಿ ತಂದು ಸೇರಿದ್ದರು. ನಾನು ಬಾಗಿಲಿಗೆ ಬಂದು ತುಟಿಯ ಮೇಲೆ ಬೆರಳಿಟ್ಟೆ. “ಗಿರಣಿ ಈಗ ಚಾಲೂ ಮಾಡೂದಿಲ್ಲ. ಚಂಪಾ ಮಲಗ್ಯಾಳ” ಎಂದೆ. ಗೊಣಗುತ್ತಾರೆ ಎಂದುಕೊಂಡಿದ್ದೆ. ಯಾರೂ ಗೊಣಗಲಿಲ್ಲ. ಡಬ್ಬಿಗಳನ್ನು ಸದ್ದಾಗದಂತೆ ಕೆಳಗಿಟ್ಟು ಓಣಿ ದಾಟಿ ಹೋಗಿ ಆ ಕಟ್ಟೆಗೆ ಒರಗಿ ಸಾಲಾಗಿ ಕೂತರು. ಗೌಸಣ್ಣ ಚಹಾ ತಂದು ಕೊಟ್ಟ, ಲೋಟಗಳು ಒಂದಕ್ಕೊಂದು ತಾಗದಂತೆ ಹಿಡಿದುಕೊಂಡು. ಒಂದು ಕೂಸು ಅತ್ತಿತು, ಅದರ ತಾಯಿ ಎತ್ತಿಕೊಂಡು ಓಣಿಯ ಆಚೆ ತುದಿಗೆ ಹೋದಳು. ಏಳೂವರೆ ಆಯಿತು, ಎಂಟಾಯಿತು. ಅಷ್ಟು ಜನ ಸುಮ್ಮನೆ ಕೂತದ್ದನ್ನು ಆ ಓಣಿ ಎಂದೂ ಕಂಡಿರಲಿಲ್ಲ.

ಎಂಟೂಕಾಲಿಗೆ ಒಳಗಿಂದ ದಡಬಡ ಸದ್ದಾಯಿತು. “ಯಕ್ಕಾ! ಬಿಸಲ ಬಿದ್ದೈತಲ್ಲ! ನನ್ನ ಪಾಳಿ ಯಾರ ಹಿಡದಾರ?” ಎಂದು ಚಂಪಾ ನಿದ್ದೆಗಣ್ಣಿನ ಗಾಬರಿಯಲ್ಲಿ ಕೂಗಿದಳು. ಓಣಿಯ ತುಂಬ ಕೂತವರೆಲ್ಲ ನನ್ನ ಕಡೆ ನೋಡಿದರು. ಕಟ್ಟೆಯ ಕಡೆಯಿಂದ ಹಲಗಲಿ ಸಾಹೇಬರೇ ಉತ್ತರ ಕೊಟ್ಟರು.

“ನಾವೆಲ್ಲಾ ಹಿಡದೇವಿ ಚಂಪಾ. ನೀ ಮಲಕ್ಕೋ.”